ಅಟ್ಟಕ್ಕೆ ತಿರುಗಿದ ಬಿಸಿಗಾಳಿ

ಅಧ್ಯಾಯ ಆರು

ಅಟ್ಟದಲ್ಲಿ ಹುಳಿ ಮಜ್ಜಿಗೆಯ ವಾಸನೆ ಇತ್ತು.

ಕಲಾವತಿ ಮಂಡಿಯೂರಿ ಕೂತು ಮತ್ತೊಮ್ಮೆ ಮೂಸಿದಳು. ಹೌದು, ಮಜ್ಜಿಗೆಯೇ. ಜೊತೆಗೆ ಇಂಗು. ಎರಡು ದಿನದ ಹಿಂದೆ ಹೆಣ ಬಿದ್ದಿದ್ದ ಜಾಗದಲ್ಲಿ ಮೂಗು ಹುಡುಕುವ ವಾಸನೆ ಇದಲ್ಲ.

ತಲೆಯಿಂದ ಎರಡಡಿ ಮೇಲೆ ತಗಡಿನ ಮಾಡು. ಅದರ ಮೇಲೆ ಕಾರ್ತಿಕದ ಮಳೆ ಒಂದೇ ಸಮನೆ ಹುಯ್ಯುತ್ತಿತ್ತು. ಮದರಾಸಿನ ಮಾಧವರಂನಲ್ಲಿ ಬಿಸಿಲು ಬಿದ್ದು ಹದಿನಾರು ದಿನವಾಗಿತ್ತು. ಹಗಲೆನ್ನುವುದು ಇತ್ತೀಚೆಗೆ ರಾತ್ರಿಗೇ ನೀರು ಬೆರೆಸಿ ತೆಳು ಮಾಡಿದಂತೆ ಇರುತ್ತಿತ್ತು.

ಇದೇ ಅಟ್ಟದಲ್ಲಿ ಶುಕ್ರವಾರ ಸಂಜೆ ಬದರಿನಾಥನ ಹೆಣ ಸಿಕ್ಕಿತ್ತು. ಅವನ ಗೆಳೆಯನೂ ಈ ಮನೆಯ ಯಜಮಾನನೂ ಆದ ಮಧುಸೂದನ್‌ನನ್ನು ಪೊಲೀಸರು ಶನಿವಾರ ಸಂಜೆ ನಾಲ್ಕು ಗಂಟೆಗೆ ಕರೆದೊಯ್ದಿದ್ದರು. ಈಗ ಭಾನುವಾರ ಮಧ್ಯಾಹ್ನ ಎರಡು. ನಾಲ್ಕರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸುವುದು ಕೊಲೆಗಾರನೆಂದು ಬರೆದೇ.

"ಮೇಡಂ, ಇರುಕ್ಕೀಂಗಳಾ?" ಕೆಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಎಳಿಲರಸನ್‌ನ ದನಿ.

"ಇದೀನಿ ಇದೀನಿ."

"ಈ ವಯಸ್ಸಲ್ಲಿ ಏಣಿ ಹತ್ತಬೇಡಿ ಅಂದೆ."

"ಇಪ್ಪತ್ತೇಳು ವರ್ಷ ರೈಲು ಡಬ್ಬಿ ಮೇಲೆ ಹತ್ತಿದೋಳಪ್ಪಾ ನಾನು. ಇದು ಮನೆ. ಓಡೋದೂ ಇಲ್ಲ."

ಇನ್ಸ್‌ಪೆಕ್ಟರ್ ನಗಲಿಲ್ಲ. ಹೊಸೂರಿನ ಕಡೆಯವನು, ಕನ್ನಡ ಚೆನ್ನಾಗಿ ಬರುತ್ತಿತ್ತು. ಬೇಸರವಾದಾಗ ಮಾತ್ರ ತಮಿಳಿಗೆ ಜಾರುತ್ತಿದ್ದ. ರೈಲ್ವೆಯ ಏಸಿ ಡಬ್ಬಿಗಳ ರಿಪೇರಿ ವಿಭಾಗದಿಂದ ನಿವೃತ್ತಳಾದ ಈ ಹೆಂಗಸು ಎರಡು ಬೀದಿಯಾಚೆ ಇರುವವಳು; ಹಿಂದೊಂದು ಸಲ ಅವನ ಮುಚ್ಚಿಹೋದ ಕೇಸೊಂದನ್ನು ತೆರೆದುಕೊಟ್ಟಿದ್ದಳು. ಆ ಋಣಕ್ಕೆ ಅವನು ಇವತ್ತು ಅಟ್ಟದ ಸೀಲು ಒಡೆಸಿದ್ದ. ಇನ್ನೊಂದು ಗಂಟೆ, ಅಷ್ಟೇ, ಎಂದಿದ್ದ.

ಕಲಾವತಿ ಟಾರ್ಚನ್ನು ಕೊಳವೆಯ ಕಡೆ ತಿರುಗಿಸಿದಳು.

ಅಟ್ಟದ ಕೆಳಗಿನ ಮಹಡಿ ಕೋಣೆಯಲ್ಲಿ ಇಬ್ಬರು ಗೆಳೆಯರೂ ಸೇರಿ ಆರ್ಕಿಡ್ ಬೆಳೆಸುತ್ತಿದ್ದರು. ಬೀದಿದೀಪದಂಥ ಆರು ದೊಡ್ಡ ಸೋಡಿಯಂ ದೀಪಗಳು. ಬೆಳಿಗ್ಗೆ ಆರಕ್ಕೆ ತಾವಾಗಿ ಹತ್ತುತ್ತಿದ್ದವು, ಸಂಜೆ ಆರಕ್ಕೆ ತಾವಾಗಿ ಆರುತ್ತಿದ್ದವು. ಗಿಡಕ್ಕೆ ಅವುಗಳ ಬೆಳಕು ಬೇಕು, ಬಿಸಿ ಬೇಡ. ಅದಕ್ಕೇ ಬಿಸಿಯನ್ನೆಲ್ಲ ಒಂದು ಫ್ಯಾನಿನಿಂದ ಹೀರಿ, ತೊಡೆಯಷ್ಟು ದಪ್ಪದ ಬೆಳ್ಳಿ ಬಣ್ಣದ ಕೊಳವೆಯಲ್ಲಿ ಅಟ್ಟಕ್ಕೆ ಹತ್ತಿಸಿ, ಮಾಡಿನ ತೂತಿನಿಂದ ಆಕಾಶಕ್ಕೆ ಬಿಡುವ ಏರ್ಪಾಟು.

ಈಗ ಕೊಳವೆಯ ಬಾಯಿ ಆ ತೂತಿನಲ್ಲಿ ಇರಲಿಲ್ಲ. ಯಾರೋ ಅದನ್ನು ಬಿಚ್ಚಿ, ಒಳಮುಖ ಮಾಡಿ, ತೊಲೆಯೊಂದಕ್ಕೆ ಕಟ್ಟಿದ್ದರು. ಮಳೆನೀರು ಬಾರದಂತೆ ತೂತಿಗೆ ಗೋಣಿಚೀಲ ತುರುಕಿದ್ದರು. ಆರು ದೀಪಗಳ ಬಿಸಿ ಹಗಲಿಡೀ ಈ ಅಟ್ಟದೊಳಗೇ ಸುರಿದಿತ್ತು. ತಗಡಿನ ಒಳಮೈಗೆ ಥರ್ಮೋಕೋಲ್ ಹೊದಿಸಿದ್ದರಿಂದ ಹೊರಗಿನ ಮಳೆ ಅದನ್ನು ತಣಿಸಲೂ ಇಲ್ಲ. ಬದರಿನಾಥ ಸತ್ತದ್ದು ಬಿಸಿಗೆ ಎಂದು ಡಾಕ್ಟರು ಹೇಳಿದ್ದರು. ಅಟ್ಟದ ಬಾಗಿಲಿಗೆ ಕೆಳಗಿನಿಂದ ಚಿಲಕ ಬಿದ್ದಿತ್ತು.

ಕಲಾವತಿಯ ಅಜ್ಜಿ ಹೇಳುತ್ತಿದ್ದ ಕತೆಯೊಂದರಲ್ಲಿ ರಾಜಕುಮಾರಿಯನ್ನು ಏಳು ಉಪ್ಪರಿಗೆಯ ಮೇಲೆ ಕೂಡಿಹಾಕುತ್ತಿದ್ದರು. ಅವಳ ಬಳಿಗೆ ಹೋಗಿಬರುತ್ತಿದ್ದುದು ಗಾಳಿಯೊಂದೇ, ಅವಳ ಸುದ್ದಿಯನ್ನು ಊರಿಗೆ ತರುತ್ತಿದ್ದುದೂ ಅದೇ. ಇಲ್ಲಿ ಗಾಳಿ ಬರಿದೇ ಬಂದಿತ್ತು, ಯಾವ ಸುದ್ದಿಯನ್ನೂ ಕೊಂಡೊಯ್ದಿರಲಿಲ್ಲ.

ಅವಳು ಕೊಳವೆಯ ಗಂಟನ್ನು ಮುಟ್ಟಿದಳು. ತಂತಿಯಲ್ಲ, ಹಗ್ಗವಲ್ಲ. ಹಳೆಯ ನೂಲುಸೀರೆಯ ಅಂಚು ಹರಿದು ಮಾಡಿದ ದಾರ. ಕಂದು ಬಣ್ಣ, ಸಣ್ಣ ಚೌಕುಳಿ. ಎರಡು ಸುತ್ತು ಸುತ್ತಿ, ಗಂಟಿನ ತುದಿಯನ್ನು ಒಳಕ್ಕೆ ಸಿಕ್ಕಿಸಿದ್ದರು.

ಕೊಳವೆಯ ಬಾಯಿಗೆ ಸರಿಯಾಗಿ ಎದುರಲ್ಲಿ ಒಂದು ಬಿದಿರಿನ ಮೊರ ಇತ್ತು. ಮೊರದಲ್ಲಿ ಹಾಸಿದ ತಮಿಳು ಪೇಪರಿನ ಮೇಲೆ, ಬಿಳಿಚಿಕೊಂಡ ಮೆಣಸಿನಕಾಯಿಗಳು.

"ಈ ಮೊರ ಮುಂಚಿನಿಂದಲೂ ಇಲ್ಲೇ ಇತ್ತಾ?" ಅವಳು ಕೂಗಿ ಕೇಳಿದಳು.

"ಅದು ಅಡುಗೆ ಸಾಮಾನು ಮೇಡಂ. ಎಲ್ಲಾರ ಮನೆ ಪರಣ್, ಅದೇ ಅಟ್ಟ, ಅದರ ಮೇಲೂ ಇರುತ್ತೆ. ನಮ್ಮಮ್ಮನ ಪರಣ್ ಮೇಲೆ ಇನ್ನೂ ನಮ್ಮ ತಾತನ ಹಲ್ಲುಸೆಟ್ಟು ಇದೆ."

ಕಲಾವತಿ ಒಂದು ಮೆಣಸಿನಕಾಯಿ ಎತ್ತಿ ಮುರಿದಳು. ಪಟ್ ಎಂದಿತು. ನಾಲಿಗೆಗೆ ಇಟ್ಟಳು. ಉಪ್ಪು, ಹುಳಿ, ಕೊನೆಗೆ ಖಾರ.

ಬಾಳಕದ ಮೆಣಸಿನಕಾಯಿ. ಸೀಳಿದ ಹಸಿಮೆಣಸಿನಕಾಯಿಯನ್ನು ರಾತ್ರಿ ಉಪ್ಪು ಮಜ್ಜಿಗೆಯಲ್ಲಿ ಮುಳುಗಿಸಬೇಕು. ಬೆಳಿಗ್ಗೆ ತೆಗೆದು ಒಣಗಿಸಬೇಕು. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆಯೆಲ್ಲ ಕಾಯಿಯೊಳಗೆ ಹೋಗಿ ಆರುವವರೆಗೂ ಹೀಗೇ, ದಿನಾ. ಇವಕ್ಕೆ ಐದು ದಿನವಾದರೂ ಬೇಕಾಗಿತ್ತು.

ಹದಿನಾರು ದಿನದಿಂದ ಬಿಸಿಲಿಲ್ಲದ ಊರಿನಲ್ಲಿ ಐದು ದಿನ ಒಣಗಿದ ಬಾಳಕ.

ಅವಳು ಇಳಿಯುವ ಮೊದಲು ಬಾಗಿಲನ್ನೂ ನೋಡಿದಳು. ಬಾಗಿಲೆಂದರೆ ಒಂದು ಹಲಗೆ. ಕೆಳಗಿನಿಂದ ತಳ್ಳಿದರೆ ಮೇಲೆದ್ದು ಅಟ್ಟದ ನೆಲದ ಮೇಲೆ ಧೊಪ್ಪೆಂದು ಮಲಗುತ್ತಿತ್ತು. ಮತ್ತೆ ಮುಚ್ಚಬೇಕಾದರೆ ಏಣಿಯ ಕೊನೆಯ ಮೆಟ್ಟಿಲವರೆಗೆ ಹತ್ತಿ, ಎರಡೂ ಕೈ ಒಳಗೆ ಚಾಚಿ ಎಳೆದುಕೊಳ್ಳಬೇಕು. ತಾನಾಗಿ ಮುಚ್ಚುವ ಜಾತಿಯದಲ್ಲ.

ಕೆಳಗೆ ಆರ್ಕಿಡ್ ಕುಂಡಗಳು ಕತ್ತಲಲ್ಲಿ ಸಾಲಾಗಿ ನಿಂತಿದ್ದವು. ಶುಕ್ರವಾರದಿಂದ ದೀಪ ಉರಿದಿರಲಿಲ್ಲ. ನೇರಳೆ ಹೂಗಳು ಒಂದೊಂದಾಗಿ ಕತ್ತು ಬಾಗಿಸುತ್ತಿದ್ದವು, ಹೆಸರು ಕರೆದಾಗ ಎದ್ದು ನಿಲ್ಲಲಾರದ ರೋಗಿಗಳ ಹಾಗೆ.

"ನಿಮ್ಮ ಕತೆ ಇನ್ನೊಂದ್ಸಲ ಹೇಳಿ ಸಾರ್," ಕಲಾವತಿ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

"ಕತೆ ಅಲ್ಲ, ಕೇಸು." ಎಳಿಲರಸನ್ ಬೆರಳು ಮಡಚಿದ. "ಬುಧವಾರ ಇಬ್ಬರಿಗೂ ಜಗಳ. ದೀಪ, ಫ್ಯಾನು, ಕೊಳವೆ ಎಲ್ಲಾ ಬಿಚ್ಚಿ ನೆಲ್ಲೂರಿಗೆ ತಗೊಂಡು ಹೋಗ್ತೀನಿ ಅಂತ ಬದರಿನಾಥ ಕೂಗಾಡಿದ್ದು ಪಕ್ಕದ ಮನೆಯೋರೆಲ್ಲ ಕೇಳಿದಾರೆ. ಮಧುಸೂದನ್ ಕೋಪದಲ್ಲಿ ಕೊಳವೆ ತಿರುಗಿಸಿ ಕಟ್ಟಿದ. ಶುಕ್ರವಾರ ಹತ್ತು ಗಂಟೆಗೆ ಬದರಿನಾಥ ನೆಲ್ಲೂರು ಬಸ್ಸಿಳಿದು ಬಂದ. ಬಿಚ್ಚೋದಕ್ಕೆ ಅಂತ ಅಟ್ಟ ಹತ್ತಿದ. ಇವನು ಚಿಲಕ ಹಾಕಿ ಹತ್ತೂವರೆಗೆ ಬ್ಯಾಂಕಿಗೆ ಹೋದ. ಮುಗೀತು."

"ಬದರಿನಾಥನ ಚಪ್ಪಲಿ ಎಲ್ಲಿತ್ತು?"

"ಮೆಟ್ಟಿಲ ಕೆಳಗೆ. ಛತ್ರಿ ಇಡೋ ಡಬ್ಬದ ಹಿಂದೆ."

"ಬೇರೆಯವರ ಮನೆಗೆ ಬಂದೋನು ಚಪ್ಪಲಿ ಬಾಗಿಲಲ್ಲಿ ಬಿಡ್ತಾನೆ. ಛತ್ರಿ ಡಬ್ಬದ ಹಿಂದೆ ಬಿಡಲ್ಲ. ಅವನ ಮೊಬೈಲ್?"

"ಸಿಕ್ಕಿಲ್ಲ. ಮಧುಸೂದನ್ ಎಲ್ಲೋ ಬಿಸಾಕಿದಾನೆ. ಕೇಳಿದ್ರೆ ಬಾಯೇ ಬಿಡಲ್ಲ. ಅಮ್ಮನಿಗೆ ಮಾತ್ರೆ ಕೊಟ್ರಾ ಅಂತ ಒಂದೇ ಮಾತು."

"ಕೊಳವೆ ತಿರುಗಿದ್ದು ಬುಧವಾರ ಅಲ್ಲ ಸಾರ್. ಅದಕ್ಕೆ ಮುಂಚೆ. ಜಗಳಕ್ಕೂ ಮುಂಚೆ."

"ಯಾರು ಹೇಳಿದ್ದು?"

"ಮೆಣಸಿನಕಾಯಿ."

ಅವನು ಟೋಪಿ ಕೈಗೆತ್ತಿಕೊಂಡ. "ಕೋರ್ಟಲ್ಲಿ ಮೆಣಸಿನಕಾಯಿಗೆ ಪ್ರಮಾಣ ಮಾಡಿಸೋಕೆ ಆಗಲ್ಲ ಮೇಡಂ. ಮನುಷ್ಯರ ಬಾಯಲ್ಲಿ ಹೇಳಿಸಿ. ಮೂರೂವರೆಗೆ ಜೀಪು ತರ್ತೀನಿ." ಟೋಪಿ ಹಾಕಿಕೊಂಡು ಮಳೆಗಿಳಿದ.

*

ಕೆಳಗಿನ ನಡುಮನೆಯಲ್ಲಿ ಶ್ರೀವಿದ್ಯಾ ಕಿಟಕಿಯ ಪಕ್ಕ ನಿಂತು ಫೋನಿನಲ್ಲಿ ವಕೀಲರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಮಧುಸೂದನ್‌ನ ಹೆಂಡತಿ. ಮೂವತ್ತೆರಡಿರಬಹುದು. ತಲೆ ಬಾಚಿರಲಿಲ್ಲ, ಆದರೆ ಆಫೀಸಿನ ಗುರುತಿನ ಚೀಟಿ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ತೆಗೆಯುವುದು ಮರೆತೇ ಹೋಗಿತ್ತೇನೋ.

ಫೋನಿಟ್ಟು ಹೇಳಿದಳು: "ಆಂಟಿ, ಅತ್ತೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಾನು ಹೇಳಿದ್ರೆ ಕೇಳಲ್ಲ. ನೀವು ಸ್ವಲ್ಪ ಹೇಳಿ, ಪ್ಲೀಸ್."

"ನೀನು ತಿಂದೆಯಾಮ್ಮಾ?"

ಅವಳು ಫೋನನ್ನು ಚಾರ್ಜಿಗೆ ಹಾಕಿದಳು.

"ಸುಮ್ಮಾ ಕೇಳ್ತೀನಿ, ಶುಕ್ರವಾರ ನೀನು ಎಷ್ಟೊತ್ತಿಗೆ ಹೊರಟೆ?"

"ಏಳೂವರೆ ಆಫೀಸ್ ವ್ಯಾನು. ಪೆರುಂಗುಡಿ ತಲುಪೋದೇ ಒಂಬತ್ತಾಗುತ್ತೆ. ವಾಪಸ್ ಬಂದಾಗ ಏಳು, ಆಗಲೇ ಪೊಲೀಸ್ ಬಂದಿದ್ರು." ಒಂದು ಸಲಕ್ಕೂ ತಡೆಯದೆ ಹೇಳಿದಳು. ಎಷ್ಟು ಜನರಿಗೆ ಹೇಳಿ ಹೇಳಿ ಬಾಯಿಪಾಠವಾಗಿತ್ತೋ. "ಕಾಫಿ ಮಾಡ್ತೀನಿ. ನೀವು ಅವರ ಹತ್ರ ಹೋಗಿ."

"ನಾನೇ ಅಡುಗೆಮನೇಲಿ ಮಾಡ್ಕೊಂಡು ಅವರಿಗೂ ಕುಡಿಸ್ತೀನಿ. ನೀನು ಸ್ವಲ್ಪ ಮಲಗು."

ಶಿವಲಿಂಗಮ್ಮ ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ಅರವತ್ತೆಂಟರ ಗಟ್ಟಿ ಜೀವ. ಚಾಮರಾಜನಗರದ ಕಡೆಯ ಹಳ್ಳಿಯಿಂದ ಮಗನ ಬೆನ್ನಿಗೆ ಮದರಾಸಿಗೆ ಬಂದು ನಾಲ್ಕು ವರ್ಷ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಇವತ್ತು ಬೆಳಗ್ಗೆ ಮಂಡಿಯುದ್ದ ನೀರಿನಲ್ಲಿ ನಡೆದುಬಂದು ಕಲಾವತಿಯ ಬಾಗಿಲು ಬಡಿದವಳು ಇವಳೇ. ನನ್ ಮಗನ್ನ ಬುಡಿಸ್ಕೊಡವ್ವ ಎಂದಿದ್ದಳು. ಬೇರೆ ಏನೂ ಹೇಳಿರಲಿಲ್ಲ.

ಕಲಾವತಿ ಕಾಫಿಗೆ ನೀರಿಡಲಿಲ್ಲ. ಒಲೆಯ ಪಕ್ಕದ ಹಲಗೆಯ ಮೇಲಿದ್ದ ಉಪ್ಪಿನಕಾಯಿ ಜಾಡಿಗಳನ್ನು ನೋಡಿದಳು. ಮೂರು ಜಾಡಿ. ಮೂರರ ಬಾಯಿಗೂ ಬಿಳಿ ಬಟ್ಟೆ. ಬಟ್ಟೆಯ ಸುತ್ತ ಕಂದು ಚೌಕುಳಿಯ ದಾರ, ಎರಡು ಸುತ್ತು, ತುದಿ ಒಳಕ್ಕೆ.

ಅವಳು ನೆಲದ ಮೇಲೆ, ಮುದುಕಿಯ ಎದುರಿಗೆ ಕೂತಳು. ಸೆರಗಿನ ಗಂಟು ಬಿಚ್ಚಿ ಅರ್ಧ ಮುರಿದ ಮೆಣಸಿನಕಾಯಿಯನ್ನು ಇಬ್ಬರ ನಡುವೆ ಇಟ್ಟಳು.

"ಉಪ್ಪು ಹದವಾಗಿದೆ ಅಕ್ಕಾ."

ಶಿವಲಿಂಗಮ್ಮ ಅದನ್ನು ನೋಡಿದಳು. ಮುಖ ಅಲ್ಲಾಡಲಿಲ್ಲ. ಕೈಬೆರಳು ಮಾತ್ರ ಸೀರೆಯ ಅಂಚನ್ನು ಹಿಡಿದವು.

"ಅದಿನಾರು ದಿನ ಆಯ್ತು ಕಣವ್ವ ಬಿಸ್ಲು ಕಂಡು," ಅಂದಳು. "ಈ ಊರ್ನಲ್ಲಿ ಬಿಸ್ಲಿದ್ರೆ ಜೀವ ತಗೀತದೆ, ಇಲ್ದಿದ್ರೆ ಇಲ್ಲ. ಎಲ್ಡು ಕೆಜಿ ಮೆಣ್ಸಿನಕಾಯಿ ತಂದ್ಬುಟ್ಟಿದ್ದೆ. ಮಧುಗೆ ಬಾಳಕ ಇಲ್ದೆ ಮೊಸ್ರನ್ನ ಇಳಿಯಾಕಿಲ್ಲ."

"ಅಟ್ಟದಲ್ಲಿ ಬಿಸಿ ಇದೆ ಅಂತ ಗೊತ್ತಾಗಿದ್ದು ಹೇಗೆ?"

"ಬಟ್ಟೆ ಒಣಾಕಾಕೆ ಮ್ಯಾಲ್ಕೆ ಓಗ್ತಿದ್ನಲ್ಲ. ಒಂದಿನ ಅಟ್ಟದ ಅಲಗೆ ಮುಟ್ಟಿದ್ರೆ ಬೆಚ್ಚಗಿತ್ತು. ಅತ್ತಿ ನೋಡ್ದೆ. ಆ ಕೊಳ್ವೆ ಆವು ನುಂಗ್ದಂಗೆ ಬುಸ್ ಬುಸ್ ಅಂತ ಎಲ್ಲಾ ಬಿಸೀನೂ ವರುಗ್ ಚೆಲ್ತಿತ್ತು. ಯಾರಿಗ್ ಬೇಕವ್ವ ಆಕಾಸ್ದಲ್ಲಿ ಆ ಬಿಸಿ?" ಅವಳ ಬಾಯಲ್ಲಿ ನಗುವಿನಂಥದೊಂದು ಬಂದು ಹೋಯಿತು. "ಬಿಚ್ದೆ. ಈ ಕಡೀಕ್ ತಿರುಗ್ಸಿ ಕಟ್ದೆ. ಬೆಳಿಗ್ಗೆ ಏಳಕ್ಕೆ ಮೊರ ಮಡುಗ್ತಿದ್ದೆ, ಸಂಜಿಕೆ ತಗೀತಿದ್ದೆ. ನಮ್ಮೂರ ಚೈತ್ರದ ಬಿಸ್ಲಲ್ಲೂ ಅಂಗ್ ಒಣಗಿರ್ಲಿಲ್ಲ."

"ಯಾವತ್ತಿಂದ?"

"ಓದ್ ಬಾನ್ವಾರದಿಂದ."

ಭಾನುವಾರ. ಜಗಳಕ್ಕೆ ಮೂರು ದಿನ ಮುಂಚೆ. ಕಲಾವತಿ ಮೂಗಿನಿಂದ ಉಸಿರು ಬಿಟ್ಟಳು. ಎಳಿಲರಸನ್ ಕಟ್ಟಿದ ಕೇಸಿನ ಮೊದಲ ಗಂಟು ಈ ಅಡುಗೆಮನೆಯಲ್ಲಿ ಬಿಚ್ಚಿಹೋಗಿತ್ತು.

"ಮಗನಿಗೆ ಹೇಳಲಿಲ್ಲ."

"ಅಟ್ಟ ಅತ್ತಬ್ಯಾಡ, ನಿಂಗೆ ಬೀಪಿ ಅಂತ ಆಣೆ ಆಕ್ಸಿದ್ದ. ಅದ್ಕೇ ಯಾವಾಗ್ಲೂ ಚಿಲ್ಕ ಆಕ್ತಿದ್ದೆ. ತೆಗ್ದಿದ್ರೆ ಬಿಸಿ ಕೆಳೀಕ್ ಇಳ್ದು ಊವು ಬಾಡ್ತವೆ. ಅವ್ನಿಗ್ ಗೊತ್ತಾಯ್ತದೆ."

"ಅವನನ್ನ ಕರ್ಕೊಂಡು ಹೋಗೋವಾಗಲಾದರೂ ಇದನ್ನ ಹೇಳಬಹುದಿತ್ತಲ್ಲ ಅಕ್ಕಾ. ಕೊಳವೆ ತಿರುಗಿಸಿದ್ದು ನಾನು ಅಂತ. ಇಡೀ ಕೇಸು ಅದರ ಮೇಲೆ ನಿಂತಿದೆ. ನಿಮಗೆ ಗೊತ್ತಿತ್ತು. ನನ್ನ ಬಾಗಿಲು ಬಡಿದಾಗಲೂ ಹೇಳಲಿಲ್ಲ."

ಶಿವಲಿಂಗಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು. ಹಿತ್ತಲಿನ ಸೋರುಕೊಳಾಯಿಯಿಂದ ನೀರು ಬಕೆಟ್ಟಿನ ಆಚೆ ಬೀಳುತ್ತಿತ್ತು. ಯಾರೂ ಬಕೆಟ್ಟು ಸರಿಸಿರಲಿಲ್ಲ.

"ಶುಕ್ರವಾರ ಏನಾಯ್ತು?" ಕಲಾವತಿ ದನಿ ತಗ್ಗಿಸಿದಳು.

"ಮೊರ ಮಡಗಿ ಚಿಲ್ಕ ಆಕ್ದೆ. ಎಂಟ್ಗಂಟೆಗೆ ದೇವಸ್ತಾನಕ್ ಓದೆ. ಕಾರ್ತೀಕ ಅಲ್ವಾ, ಬಜ್ನೆ ಇತ್ತು. ಅನ್ನೊಂದ್ಗಂಟೆಗೆ ಬಂದೆ. ಮಧು ಬ್ಯಾಂಕಿಗ್ ಓಗಿದ್ದ. ಮನೇಲಿ ಯಾರೂ ಇರ್ಲಿಲ್ಲ."

"ಬಾಗಿಲಲ್ಲಿ ಯಾರದಾದರೂ ಚಪ್ಪಲಿ?"

"ಯಾರ್ ಮೆಟ್ಟೂ ಇರ್ಲಿಲ್ಲ. ಇದ್ದಿದ್ರೆ ಕೇಳ್ತಿರ್ಲಿಲ್ವಾ, ಯಾರಪ್ಪಾ ಅಂತ?" ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. "ಒದ್ದೆ ಬಟ್ಟೆ ಇಡ್ಕಂಡು ಮ್ಯಾಲ್ಕೋದೆ. ಅಟ್ಟದ ಚಿಲ್ಕ ತೆಗ್ದಿತ್ತು. ಬೆಳಿಗ್ಗೆ ಬಿರ್ರನೆ ಓಗಾ ಬರಾಟೆಲಿ ಮರ್ತ್ಬುಟ್ಟಿದೀನಿ ಅಂದ್ಕಂಡೆ. ಎಲ್ಡು ಮೆಟ್ಲತ್ತಿ ಆಕ್ದೆ."

ಹೊರಗೆ ಮಳೆ ಇದ್ದಕ್ಕಿದ್ದಂತೆ ಜೋರಾಯಿತು.

"ನಾನೇ ಆಕ್ದೆ ಕಣವ್ವ. ಆ ಮಗ ಒಳೀಗವ್ನೆ, ನಾನ್ ಚಿಲ್ಕ ಆಕ್ದೆ. ಆ ಫ್ಯಾನಿನ್ ಸದ್ದು, ಆ ಮಳೆ ಸದ್ದು, ಏನೂ ಕೇಳ್ನಿಲ್ಲ."

ಕಲಾವತಿ ಕೈ ಚಾಚಿ ಅವಳ ಕೈ ಹಿಡಿದಳು. ತಣ್ಣಗಿತ್ತು. ಇಪ್ಪತ್ತೇಳು ವರ್ಷ ಬಿಸಿಗಾಳಿಗೆ ದಾರಿ ಮಾಡಿಕೊಟ್ಟವಳು ಅವಳು. ಡಬ್ಬಿಯೊಂದರ ಗಾಳಿಕೊಳವೆ ಒಂದಿಂಚು ಜಾರಿದರೆ ಎಪ್ಪತ್ತು ಜನ ಬೆವರುತ್ತ ಬಯ್ಯುತ್ತಿದ್ದರು, ಮಾರನೆಯ ದಿನ ಯಾರೋ ಅದನ್ನು ಸರಿಸುತ್ತಿದ್ದರು, ಮುಗಿಯುತ್ತಿತ್ತು. ಇಲ್ಲಿ ಬಯ್ಯಲು ಒಬ್ಬನೇ ಇದ್ದ. ಅವನ ದನಿ ಯಾರಿಗೂ ಮುಟ್ಟಿರಲಿಲ್ಲ.

"ಇದನ್ನ ಇನ್ಸ್‌ಪೆಕ್ಟರ್ ಮುಂದೆ ಹೇಳ್ತೀರಾ ಅಕ್ಕಾ?"

"ಯೋಳ್ತೀನಿ. ನಾನೇ ಕೊಂದೆ ಅಂತ ಬರ್ಕಳ್ಲಿ. ನನ್ನ ಕರ್ಕಂಡೋಗ್ಲಿ. ಮಗನ್ನ ಬುಡ್ಲಿ."

"ನೀವು ಕೊಲ್ಲಲಿಲ್ಲ. ಗೊತ್ತಿಲ್ಲದೆ ಹಾಕಿದ್ದು."

"ಗೊತ್ತಿದ್ರೇನು, ಗೊತ್ತಿಲ್ದಿದ್ರೇನು. ಅವನವ್ವ ನೆಲ್ಲೂರಲ್ಲವ್ಳೆ. ಅವಳ್ಗೆ ಎಲ್ಡೂ ಒಂದೇಯ."

ಕಲಾವತಿ ಗಡಿಯಾರ ನೋಡಿದಳು. ಮೂರೂ ಇಪ್ಪತ್ತು. ಹೇಳಿಕೆ ಬರೆಸಿಕೊಂಡರೆ ಮಧುಸೂದನ್ ಇವತ್ತು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಾಗಿಲ್ಲ. ಎದ್ದು ಫೋನ್ ಮಾಡುವುದೊಂದೇ ಬಾಕಿ. ಆದರೂ ಅವಳು ಏಳಲಿಲ್ಲ. ಅಟ್ಟದ ಹಲಗೆ ಧೊಪ್ಪೆಂದು ಮಲಗಿದ ಸದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

"ಒಂದು ಮಾತು. ನೀವು ಚಿಲಕ ಹಾಕೋವಾಗ ಹಲಗೆ ಹೇಗಿತ್ತು? ತೆರೆದಿತ್ತಾ?"

"ಮುಚ್ಚಿತ್ತು. ಚಿಲ್ಕ ಮಾತ್ರ ಆಕಿರ್ಲಿಲ್ಲ."

"ಸರಿಯಾಗಿ ನೆನಪ್ ಮಾಡ್ಕೊಳ್ಳಿ."

"ಮುಚ್ಚಿತ್ತವ್ವ. ತೆರೆದಿದ್ರೆ ಮೇಕ್ ನೋಡ್ತಿದ್ನಲ್ಲ. ಅವ್ನ್ ಕಾಲಾದ್ರೂ ಕಾಣ್ತಿತ್ತು."

"ಆ ಬಿಸಿಗೆ ಹತ್ತಿದೋನು ತನ್ನ ತಲೆ ಮೇಲೆ ತಾನೇ ಹಲಗೆ ಎಳ್ಕೊಳ್ಳಲ್ಲ ಅಕ್ಕಾ." ಕಲಾವತಿ ತನಗೇ ಹೇಳಿಕೊಂಡಂತೆ ಹೇಳಿದಳು. "ಯಾರೋ ಏಣಿ ಹತ್ತಿ ಮುಚ್ಚಿದಾರೆ. ಚಪ್ಪಲಿ ಒಳಗೆ ತಂದು ಬಚ್ಚಿಟ್ಟಿದಾರೆ. ನೀವು ದೇವಸ್ಥಾನದಿಂದ ಬರೋದು ಕಂಡು, ಅವನು ಬಂದಿರೋದು ನಿಮಗೆ ಗೊತ್ತಾಗಬಾರದು ಅಂತ."

"ಮನೇಲಿ ಯಾರೂ ಇರ್ಲಿಲ್ಲ."

"ಆಮೇಲೆ ಏನಾದರೂ ಸದ್ದು ಕೇಳಿಸಿತಾ?"

ಶಿವಲಿಂಗಮ್ಮ ಕೈ ಬಿಡಿಸಿಕೊಂಡಳು.

ಎರಡು ದಿನದಿಂದ ಅವಳು ಬಾಯಿ ಬಿಡದಿದ್ದುದು ಚಿಲಕಕ್ಕಲ್ಲ ಎಂದು ಕಲಾವತಿಗೆ ಆಗ ಹೊಳೆಯಿತು. ಚಿಲಕದ ಆಚೆ ಇನ್ನೊಂದು ಇತ್ತು. ಜೈಲಿಗೆ ಹೋಗಲು ಸಿದ್ಧಳಾದ ಹೆಂಗಸು ಈ ಪ್ರಶ್ನೆಗೆ ಹೆದರಿದ್ದಳು.

"ನಮ್ಮಜ್ಜಿ ಯೋಳೋರು," ಅವಳು ನೆಲಕ್ಕೆ ಹೇಳಿದಳು. "ಒಬ್ರೇ ಮನೇಲಿರೋವಾಗ ಎಸ್ರಿಡ್ದು ಕೂಗಿದ್ರೆ ಓ ಅನ್ಬ್ಯಾಡ. ಮೊದಲ್ನೇ ಸಲ ಅನ್ಬ್ಯಾಡ. ಎಲ್ಡನೇ ಸಲಾನೂ ಅನ್ಬ್ಯಾಡ. ಪೀಡೆ ಪಿಚಾಚಿ ಎಲ್ಡೇ ಸಲ ಕೂಗಾದು. ಮನ್ಸ ಆದ್ರೆ ಮೂರ್ನೇ ಸಲ ಕೂಗ್ತಾನೆ. ಆವಾಗ ಓ ಅನ್ನು."

ಕಲಾವತಿಯ ಅಜ್ಜಿಯೂ ಇದನ್ನೇ ಹೇಳಿದ್ದಳು. ಮಲಗುವ ಹೊತ್ತಿಗೆ, ಕೌದಿಯೊಳಗೆ, ಹೆದರಿಸುವುದಕ್ಕೆಂದೇ. ಎಷ್ಟು ಮಕ್ಕಳು ಕಿಸಕ್ಕನೆ ನಕ್ಕು ಕೇಳಿ ಮರೆತ ಮಾತು ಅದು.

"ಅನ್ನೆಲ್ಡೂವರೆ ಇರ್ಬೋದು. ಇಲ್ಲೇ ಕುಂತು ಕಾಯಿ ತುರೀತಿದ್ದೆ. ಮಳೆ ಈಟು ನಿಂತಿತ್ತು. ಮೇಲಿಂದ ಕೂಗಿದ್ ಕೇಳಿಸ್ತು. ಬಾವಿ ವಳಗಿಂದ ಕೂಗ್ದಂಗೆ, ದೂರದಿಂದ. ಮೈ ಜುಮ್ ಅಂತು. ಮನೇಲಿ ಒಂದ್ ನರಪಿಳ್ಳೆ ಇಲ್ಲ. ಕಾಯಿ ತುರಿಯಾದ್ ನಿಲ್ಸಿ ಕುಂತೆ. ಇನ್ನೊಂದ್ಸಲ ಕೂಗ್ತು."

"ನೀವು?"

"ಓ ಅನ್ಲಿಲ್ಲ. ಕಾದೆ. ಮೂರ್ನೇ ಸಲ ಕೂಗ್ಲಿ, ಓ ಅಂತೀನಿ ಅಂತ ಕಾದೆ. ಯೇಟೊತ್ತು ಕಾದೆ ಕಣವ್ವ." ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೂರ್ನೇ ಸಲ ಕೂಗ್ಲೇ ಇಲ್ಲ."

ಗ್ಯಾಸಿನ ಒಲೆಯ ಮೇಲೆ ಖಾಲಿ ಪಾತ್ರೆ ಕೂತಿತ್ತು. ಕಲಾವತಿ ಅದನ್ನೇ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: "ಏನಂತ ಕೂಗಿದ ಅಕ್ಕಾ?"

"ಮೊದಲ್ನೇ ಸಲ ಅಮ್ಮಾ ಅಂತು. ಬದರಿ ನನ್ನ ಅಂಗೇ ಕರಿಯಾದು, ಮಧು ಕರ್ದಂಗೆ."

"ಎರಡನೇ ಸಲ?"

"ಎಲ್ಡನೇ ಸಲ ನನ್ನ ಕರೀಲಿಲ್ಲ. ಅದ್ಕೇ ಅಲ್ವಾ ನಂಗೆ ಪೀಡೆ ಅಂತ ಗಟ್ಟಿಯಾಗಿದ್ದು. ಇಲ್ದೋರ್ ಎಸ್ರು ಕೂಗ್ತು." ಶಿವಲಿಂಗಮ್ಮ ಮೊದಲ ಬಾರಿಗೆ ತಲೆಯೆತ್ತಿದಳು. "ವಿದ್ಯಾ, ಬಾಗ್ಲು ತಗಿ ಅಂತು. ವಿದ್ಯಾ ಎಲ್ಲವ್ಳೆ ಮನೇಲಿ? ಅವಳು ಬೆಳಿಗ್ಗೇನೆ ಆಪೀಸ್ಗೆ..."

ಮಾತು ಅಲ್ಲಿಗೇ ನಿಂತಿತು. ಹೇಳುತ್ತ ಹೇಳುತ್ತಲೇ ಮುದುಕಿಗೆ ತಾನು ಏನು ಹೇಳಿದೆ ಎಂಬುದು ಕೇಳಿಸಿತ್ತು. ಬಾಯಿ ಹಾಗೇ ತೆರೆದು ಉಳಿಯಿತು. ಮಗನನ್ನು ಬಿಡಿಸಲು ಹೊರಟವಳ ಕೈಗೆ ಇನ್ನು ಯಾರ ಕುತ್ತಿಗೆ ಸಿಕ್ಕಿತೆಂದು ಅವಳ ಕಣ್ಣು ಹುಡುಕತೊಡಗಿತು, ಮತ್ತು ಕಲಾವತಿಯ ಹೆಗಲಿನಾಚೆ ಎಲ್ಲಿಯೋ ಹೋಗಿ ನೆಟ್ಟಿತು.

ಕಲಾವತಿ ತಿರುಗಿದಳು.

ಶ್ರೀವಿದ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ತಿಳಿಯಲಿಲ್ಲ. ಕೈಯಲ್ಲಿ ಅತ್ತೆಯ ಬೀಪಿ ಮಾತ್ರೆಯ ಪಟ್ಟಿ ಇತ್ತು, ಒಂದು ಲೋಟ ನೀರಿತ್ತು. ಲೋಟ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಗೇಟಿನಾಚೆ ಜೀಪು ನೀರನ್ನು ಸೀಳಿಕೊಂಡು ಬಂದು ನಿಂತ ಸದ್ದಾಯಿತು. ಬಾಗಿಲು ಬಡಿದುಕೊಂಡಿತು. ಎಳಿಲರಸನ್ ಯಾರಿಗೋ ತಮಿಳಿನಲ್ಲಿ ಬಯ್ಯುತ್ತ ಇಳಿದ.

"ವಿದ್ಯಾ," ಶಿವಲಿಂಗಮ್ಮ ಕರೆದಳು. "ಅದು ಪೀಡೆ ಅಂತ ಯೋಳವ್ವ. ನೀನ್ ಮನೇಲಿರ್ಲಿಲ್ಲ ಅಂತ ಯೋಳು."

ಶ್ರೀವಿದ್ಯಾ ಒಳಗೆ ಬಂದಳು. ಬಾಗಿ, ನೀರಿನ ಲೋಟವನ್ನು ಅತ್ತೆಯ ಕೈಗೆ ಸಿಗುವಷ್ಟು ಹತ್ತಿರ ನೆಲದ ಮೇಲಿಟ್ಟಳು. ಮಾತ್ರೆಯೊಂದನ್ನು ಬಿಡಿಸಿ ಪಕ್ಕದಲ್ಲಿಟ್ಟಳು.

"ಮೂರನೇ ಸಲಾನೂ ಕೂಗಿದ್ರು ಅತ್ತೆ," ಅಂದಳು. "ಆವಾಗ ನೀವು ದೇವರ ಮನೇಲಿ ಕಣ್ಮುಚ್ಚಿ ಕೂತಿದ್ರಿ."